ಕಟ್ಟಿದ ಮೇಲಿನ ಕೆಲಸ

ಬನದ ಹುಣ್ಣಿಮೆ ಹತ್ತಿರವಾದಂತೆ ಬಾದಾಮಿ ಪಕ್ಕದ ಬನಶಂಕರಿಯಲ್ಲಿ ಗೋಡೆಗಳಿಲ್ಲದ ಬಾಗಿಲುಗಳು ಎದ್ದು ನಿಲ್ಲುತ್ತವೆ. ಪುಷ್ಯ ಮಾಸದ ಈ ಜಾತ್ರೆಗೆ ನಾಟಕ ಕಂಪನಿಗಳು ತಂದ ಹೆಸರು ದೊಡ್ಡದು. ಆದರೆ ಹೊಸ ಮನೆ ಹಿಡಿದವರು ಇಲ್ಲಿಗೆ ಬರುವುದು ಬಾಗಿಲು, ಚೌಕಟ್ಟು, ಕಿಟಕಿ ನೋಡಲು. ಸಾಗವಾನಿಯದು ಒಂದು ದರ, ಬೇವಿನದು ಇನ್ನೊಂದು. ಕೊಳ್ಳುವವರು ಕದದ ಮೇಲೆ ಅಂಗೈ ಸವರಿ, ಬೆರಳ ಗೆಣ್ಣಿನಿಂದ ತಟ್ಟಿ, ಗಂಟು ಎಲ್ಲಿದೆ, ಬಿರುಕು ಎಲ್ಲಿಂದ ಹೊರಟಿದೆ ಎಂದು ನೋಡುತ್ತಾರೆ. ಜೊತೆಗೆ ತಮ್ಮೂರಿನ ಬಡಿಗೇರರನ್ನು ಕರೆತಂದವರು ಜಾಣರು. ಯಾಕೆಂದರೆ ಜನವರಿಯ ಒಣ ಹವೆಯಲ್ಲಿ ನೆಟ್ಟಗೆ ನಿಂತ ಬಾಗಿಲು ಜುಲೈನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಜಾತ್ರೆಯ ಬಯಲಲ್ಲಿ ನಿಂತೇ ಊಹಿಸಬಲ್ಲವರು ಅವರು.

ಮಳೆಗಾಲದಲ್ಲಿ ಕಟ್ಟಿಗೆ ತೇವ ಹೀರಿ ಉಬ್ಬುತ್ತದೆ. ಅದು ಎಳೆಯ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ಹೀಗಾಗಿ ಕದ ಚೌಕಟ್ಟಿಗೆ ಬಿಗಿದು, ಚಿಲಕ ಕೂಡುವುದಿಲ್ಲ. ಅವಸರದವರು ಕೂಡಲೇ ರಂದ ಹೊಡೆಸಿ ಅಂಚು ಇಳಿಸಿಬಿಡುತ್ತಾರೆ. ಬೇಸಿಗೆ ಬಂದಾಗ ಅದೇ ಕದ ಕುಗ್ಗಿ, ಸಂದಿಯಲ್ಲಿ ಬೆಳಕು ಕಾಣುತ್ತದೆ. ಅನುಭವಸ್ಥ ಬಡಿಗ ಮೊದಲು ಬಿಜಾಗರಿಯ ಸ್ಕ್ರೂ ಸಡಿಲಾಗಿದೆಯೇ, ಕದ ತನ್ನ ಭಾರಕ್ಕೆ ಜೋತಿದೆಯೇ, ಹೊಸ್ತಿಲು ಎದ್ದಿದೆಯೇ, ಚೌಕಟ್ಟು ಗೋಡೆಯೊಂದಿಗೆ ವಾಲಿದೆಯೇ ಎಂದು ನೋಡುತ್ತಾನೆ. ರಂದ ಮುಟ್ಟುವುದು ಕೊನೆಗೆ. ‘ಕೀಲಿ ಕೆಟ್ಟೈತಿ’ ಎಂದು ಕರೆಸಿದ ಎಷ್ಟೋ ಮನೆಗಳಲ್ಲಿ ಕೀಲಿಗೆ ಏನೂ ಆಗಿರುವುದಿಲ್ಲ. ಬಾಗಿಲು ನೂಲಿನಷ್ಟು ಕೆಳಗಿಳಿದು, ಬೀಗದ ನಾಲಿಗೆ ತನ್ನ ಗೂಡಿಗೆ ಸೇರದೆ ನಿಂತಿರುತ್ತದೆ.

ದುರಸ್ತಿ ಎಂಬುದು ಹೀಗೆ ಕಾರಣ ಹುಡುಕುವ ವಿದ್ಯೆ. ಹೊಸದಾಗಿ ಕಟ್ಟುವವನ ಮುಂದೆ ನಕ್ಷೆ ಇರುತ್ತದೆ. ದುರಸ್ತಿಗೆ ಬಂದವನ ಮುಂದೆ ಇರುವುದು ಯಾರೋ ಕಟ್ಟಿ, ಇನ್ಯಾರೋ ತಿದ್ದಿ, ಮಳೆ-ಬಿಸಿಲು-ಇಲಿ-ಗೆದ್ದಲುಗಳು ತಮ್ಮ ಕೆಲಸ ಮಾಡಿಟ್ಟ ಒಂದು ಮನೆ. ಬಾಗಲಕೋಟೆ ಜಿಲ್ಲೆಯಲ್ಲಿ ಈ ವಿದ್ಯೆಗೆ ಸಿಗುವಷ್ಟು ವೈವಿಧ್ಯದ ಪಾಠಶಾಲೆ ನಾಡಿನ ಬೇರೆಡೆ ಅಪರೂಪ. ಬಾದಾಮಿಯಲ್ಲಿ ಆರನೆಯ ಶತಮಾನದ ಕಲ್ಲು, ಹುನಗುಂದದಲ್ಲಿ ಉಬ್ಬಿ ಕುಗ್ಗುವ ಎರೆ ನೆಲ, ಇಳಕಲ್ಲಿನಲ್ಲಿ ಮಗ್ಗದ ಗುಂಡಿಯಿರುವ ನೇಕಾರರ ಮನೆ, ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರು. ನಾಲ್ಕೂ ಕಡೆ ಕಟ್ಟಡ ಕೆಡುವ ಬಗೆ ಬೇರೆ, ಅದನ್ನು ಉಳಿಸುವ ಕೈ ಬೇರೆ.

ಕೀಲಿಯ ಒಳಗೆ

ಬಸ್ ನಿಲ್ದಾಣದ ಹತ್ತಿರವೋ ಸಂತೆಯ ಬಾಯಲ್ಲೋ ಒಂದು ಛತ್ರಿ, ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬಿಗಿದ ಸಣ್ಣ ವೈಸ್, ದೊಡ್ಡ ಬಳೆಗೆ ಪೋಣಿಸಿದ ನೂರಾರು ಕಚ್ಚಾ ಕೀಲಿಕೈಗಳು. ನಮ್ಮ ಊರುಗಳಲ್ಲಿ ಕೀಲಿಕೈ ಮಾಡುವವರ ಅಂಗಡಿ ಇಷ್ಟೇ. ಹೂಡಿಕೆ ಕಡಿಮೆ ಇರಬಹುದು, ವಿದ್ಯೆ ಕಡಿಮೆಯದಲ್ಲ.

ಪೇಟೆಯಲ್ಲಿ ಸಿಗುವ ಜೋತುಬೀಗಗಳ ಮೇಲೆ ‘6 ಲೀವರ್’, ‘7 ಲೀವರ್’ ಎಂದು ಕೊರೆದಿರುತ್ತದೆ. ಬೀಗದೊಳಗೆ ಅಷ್ಟು ತೆಳು ಲೋಹದ ಹಾಳೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿ ಹಾಳೆಯಲ್ಲೂ ಒಂದು ಕಿಂಡಿ. ಸರಿಯಾದ ಕೀಲಿಕೈಯ ಹಲ್ಲುಗಳು ಪ್ರತಿಯೊಂದನ್ನೂ ಅದರದೇ ಎತ್ತರಕ್ಕೆ ಎತ್ತಿದಾಗ ಎಲ್ಲ ಕಿಂಡಿಗಳೂ ಒಂದೇ ಸಾಲಿಗೆ ಬಂದು ನಾಲಿಗೆ ಸರಿಯುತ್ತದೆ. ಒಂದೇ ಒಂದು ಹಾಳೆ ಕೂದಲೆಳೆಯಷ್ಟು ಮೇಲೋ ಕೆಳಗೋ ನಿಂತರೂ ಬೀಗ ಜಪ್ಪಯ್ಯ ಎನ್ನುವುದಿಲ್ಲ. ಬಾಗಿಲಿನೊಳಗೆ ಕೂಡಿಸುವ ಈಗಿನ ಸಿಲಿಂಡರ್ ಬೀಗಗಳಲ್ಲಿ ಹಾಳೆಗಳ ಬದಲು ಸ್ಪ್ರಿಂಗಿನ ಮೇಲೆ ನಿಂತ ಚಿಕ್ಕ ಕಡ್ಡಿಗಳಿರುತ್ತವೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಲೋಕದ ಅಸಂಖ್ಯ ಮನೆಗಳನ್ನು ಕಾಯುತ್ತಿದೆ.

ಕೈಯಲ್ಲಿ ಮಾದರಿ ಇದ್ದರೆ ನಕಲು ಮಾಡುವುದು ಯಂತ್ರದ ಕೆಲಸ. ಕೀಲಿಕೈಯೇ ಕಳೆದುಹೋದಾಗ ಕುಶಲತೆಯ ಪರೀಕ್ಷೆ. ಕಚ್ಚಾ ಕೀಲಿಕೈಯನ್ನು ದೀಪದ ಮಸಿಗೆ ಹಿಡಿದು ಕಪ್ಪು ಮಾಡುತ್ತಾರೆ. ಬೀಗದೊಳಗೆ ತೂರಿಸಿ, ಹದವಾಗಿ ತಿರುವಿ ಹೊರತೆಗೆಯುತ್ತಾರೆ. ಒಳಗಿನ ಹಾಳೆಗಳು ಒತ್ತಿದ ಕಡೆ ಮಸಿ ಅಳಿಸಿ, ಸೂಜಿಮೊನೆಯಷ್ಟು ಹೊಳಪು ಮೂಡಿರುತ್ತದೆ. ಅಷ್ಟೇ ಜಾಗವನ್ನು ಅರದಿಂದ ಒಂದೆರಡು ಸಲ ಉಜ್ಜಿ ಮತ್ತೆ ಮಸಿ, ಮತ್ತೆ ತಿರುವು, ಮತ್ತೆ ನೋಟ. ಗುರುತು ಮೂಡುವುದು ನಿಂತ ಹಲ್ಲು ಸಿದ್ಧವಾದಂತೆ. ಒಂದು ಉಜ್ಜು ಹೆಚ್ಚಾದರೆ ಕೀಲಿಕೈ ಕೆಟ್ಟಿತು, ಹೊಸದನ್ನು ಹಿಡಿದು ಮೊದಲಿಂದ ಶುರು. ಈ ಕೆಲಸದಲ್ಲಿ ಕಣ್ಣಿಗಿಂತ ಮಣಿಕಟ್ಟು ಹೆಚ್ಚು ಓದುತ್ತದೆ. ಎಷ್ಟು ಬಲ ಹಾಕಿದರೆ ಗುರುತು ಬೀಳುತ್ತದೆ, ಎಷ್ಟು ಹಾಕಿದರೆ ಕೀಲಿಕೈ ಒಳಗೇ ಮುರಿಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಕೈಗೆ ಕಲಿಸಲಾರದು.

ಬೀಗಗಳು ಬರುವುದು ದೂರದಿಂದ. ಉತ್ತರ ಪ್ರದೇಶದ ಅಲಿಗಢಕ್ಕೆ ಬೀಗದ ನಗರಿ ಎಂದೇ ಹೆಸರು. ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಗೋದ್ರೆಜ್ ಎಂಬ ದೊಡ್ಡ ಉದ್ಯಮ 1897ರಲ್ಲಿ ಮುಂಬೈಯಲ್ಲಿ ಮೊದಲಾಗಿದ್ದು ಬೀಗ ತಯಾರಿಕೆಯಿಂದ. ಆದರೆ ಎಲ್ಲಿ ತಯಾರಾದರೂ ಬೀಗ ಕೈಕೊಡುವುದು ಇಳಕಲ್ಲಿನ ಸೀರೆ ವ್ಯಾಪಾರಿಯ ಕಪಾಟಿನಲ್ಲಿ, ಹುನಗುಂದದ ಕಾಳಿನ ಗೋದಾಮಿನಲ್ಲಿ. ದೂಳು ಇಲ್ಲಿನ ದೊಡ್ಡ ಶತ್ರು. ಬೀಗ ಬಿಗಿಯಾಯಿತೆಂದು ಮನೆಯವರು ಕೊಬ್ಬರಿ ಎಣ್ಣೆಯನ್ನೋ ಗ್ರೀಸನ್ನೋ ಹಾಕುತ್ತಾರೆ. ಎರಡು ದಿನ ಸಲೀಸು. ಆಮೇಲೆ ಜಿಡ್ಡಿಗೆ ದೂಳು ಅಂಟಿ ಒಳಗೆಲ್ಲ ಗಟ್ಟಿ ಕೆಸರು. ಬಲ್ಲವರು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗ್ರಾಫೈಟ್ ಪುಡಿ ಊದುತ್ತಾರೆ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಹಾಕಿದರೂ ಸಾಕು.

ಈ ಕಸುಬಿಗೆ ನಂಬಿಕೆಯ ಪ್ರಶ್ನೆ ಬೇರೆಲ್ಲ ಕಸುಬುಗಳಿಗಿಂತ ಹತ್ತಿರದ್ದು. ತೆರೆಯಲು ಬಲ್ಲ ಕೈಗೆ ಕದಿಯಲೂ ಬರುತ್ತದೆ ಎಂಬ ಅನುಮಾನವನ್ನು ಹೊತ್ತುಕೊಂಡೇ ಅವರು ಪ್ರತಿ ಮನೆಯ ಮುಂದೆ ನಿಲ್ಲಬೇಕು. ಹಾಗಾಗಿ ತಮ್ಮ ಹೆಸರು ಉಳಿಸಿಕೊಂಡವರು ಕೆಲವು ಪದ್ಧತಿಗಳನ್ನು ಬಿಡುವುದಿಲ್ಲ. ಸಾಬೂನಿನ ಮೇಲೆ ಒತ್ತಿ ತಂದ ಅಚ್ಚಿಗೆ ಕೀಲಿಕೈ ಮಾಡಿಕೊಡುವುದಿಲ್ಲ. ಬೀಗ ತೆರೆಯಲು ಕರೆದರೆ ನೆರೆಯವರೊಬ್ಬರು ಬಂದು ‘ಇದು ಇವರದ ಮನಿ’ ಎನ್ನಬೇಕು. ಹುಡುಗರು ಬೈಕಿನ ಕೀಲಿಕೈ ಕೇಳಿ ಬಂದರೆ ಆರ್.ಸಿ. ತೋರಿಸಬೇಕು. ನ್ಯಾಯಾಲಯದ ಆದೇಶದಂತೆ ಕಟ್ಟಡದ ಸ್ವಾಧೀನ ಕೊಡಿಸುವಾಗ ಬೀಗ, ಅಗಳಿ ತೆಗೆಯಲು, ಅಗತ್ಯ ಬಿದ್ದರೆ ಬಾಗಿಲು ಒಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮ ಅಮೀನರಿಗೆ ಅಧಿಕಾರ ಕೊಡುತ್ತದೆ. ಕಾನೂನಿನ ಆ ಸಾಲನ್ನು ಬಾಗಿಲ ಮುಂದೆ ಕೂತು ನಡೆಸಿಕೊಡುವವರು ಕೀಲಿ ಕೆಲಸದವರೇ. ಒಡೆಯದೆ ತೆರೆದರೆ ಬಾಗಿಲೂ ಉಳಿಯಿತು, ಬೀಗವೂ ಉಳಿಯಿತು.

ತೆರೆಯುವ ವಿದ್ಯೆಯನ್ನು ಗುಟ್ಟಾಗಿಟ್ಟರೆ ಮಾತ್ರ ಭದ್ರತೆ ಎಂಬ ವಾದ ಹಳೆಯದು. ಅದು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಮುರಿದುಬಿತ್ತು. ಯಾರೂ ತೆರೆಯಲಾಗದೆಂದು ಬ್ರಾಮಾ ಕಂಪನಿ ತನ್ನ ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಸವಾಲಿಗಿಟ್ಟಿದ್ದ ಬೀಗವನ್ನು ಅಮೆರಿಕದ ಆಲ್‌ಫ್ರೆಡ್ ಹಾಬ್ಸ್ ಎಂಬ ಕುಶಲಕರ್ಮಿ ಹದಿನಾರು ದಿನ ಬಿಡಿಬಿಡಿಯಾಗಿ ಕೂತು, ಒಟ್ಟು 51 ತಾಸು ದುಡಿದು ತೆರೆದ. ಅದಕ್ಕೂ ಮುನ್ನ ಚಬ್ ಎಂಬ ಇನ್ನೊಂದು ಕಂಪನಿಯ ಬೀಗವನ್ನು ತೆರೆಯಲು ಅವನಿಗೆ ಅರ್ಧ ತಾಸೂ ಬೇಕಾಗಿರಲಿಲ್ಲ. ಇಂಗ್ಲೆಂಡಿನ ಪತ್ರಿಕೆಗಳು ಗಾಬರಿಗೊಂಡವು. ಬೀಗ ತಯಾರಕರು ಮಾತ್ರ ತಮ್ಮ ವಿನ್ಯಾಸ ತಿದ್ದಿಕೊಂಡರು. ಬೀಗದ ದೌರ್ಬಲ್ಯ ಬಲ್ಲವನನ್ನು ಅನುಮಾನಿಸುವುದಕ್ಕಿಂತ ಅವನ ಮಾತು ಕೇಳಿ ಬೀಗ ಕೊಳ್ಳುವುದು ಲಾಭ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮಾಳಿಗೆ, ಮಳೆ

ಬಯಲುಸೀಮೆಯ ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷದ ಮಳೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಸೋರಿಕೆಯ ಚಿಂತೆ ಯಾಕೆ ಎನ್ನಿಸಬಹುದು. ಆದರೆ ಇಲ್ಲಿನ ಮನೆಗಳು ಸೆಕೆಗೆ ಹೇಳಿ ಕಟ್ಟಿದವು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಕಡೆ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹೊದಿಕೆ, ಅದರ ಮೇಲೆ ಸೊಪ್ಪು-ಕಡ್ಡಿ, ಎಲ್ಲಕ್ಕೂ ಮೇಲೆ ಮಣ್ಣು. ಎಲ್ಲ ಮಣ್ಣೂ ಈ ಕೆಲಸಕ್ಕೆ ಬರುವುದಿಲ್ಲ. ಸವಳು ಮಣ್ಣು ನೀರು ತಾಗಿದ ಕೂಡಲೇ ನುಣ್ಣಗೆ ಬಿಚ್ಚಿಕೊಂಡು ಸಣ್ಣ ಸಣ್ಣ ರಂಧ್ರಗಳಲ್ಲಿ ತುಂಬಿ ಕೂರುತ್ತದೆ. ಹೊಲದಲ್ಲಿ ಬೆಳೆಗೆ ಶಾಪವಾದ ಗುಣವೇ ಮಾಳಿಗೆಯ ಮೇಲೆ ವರ. ಸೋಡಿಯಂ ಅಂಶ ಜೇಡಿಯ ಕಣಗಳನ್ನು ಬಿಡಿಸಿಬಿಡುತ್ತದೆ ಎಂದು ಮಣ್ಣುವಿಜ್ಞಾನ ಹೇಳುವ ಎಷ್ಟೋ ಮುಂಚೆ ಹಳ್ಳಿಗರು ಅದನ್ನು ಮಾಳಿಗೆಗೆ ಹೊರುತ್ತಿದ್ದರು.

ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಆರೈಕೆ ಬೇಕು. ಮಿರಗದ ಮಳೆಗೆ ಮುಂಚೆ ಮೇಲೆ ಹತ್ತಿ ಹುಲ್ಲು ಬೇರುಸಹಿತ ಕೀಳಬೇಕು, ಬೇರು ಬಿಟ್ಟ ದಾರಿಯಲ್ಲೇ ನೀರು ಇಳಿಯುತ್ತದೆ. ಇಲಿಬಿಲ ಮುಚ್ಚಬೇಕು, ಹೊಸ ಮಣ್ಣು ಹಾಕಿ ಬಡಿಯಬೇಕು, ನೀರು ಹರನಾಳಿಗೆಯತ್ತ ಓಡುವಂತೆ ಇಳಿಜಾರು ತಿದ್ದಬೇಕು. ಹರನಾಳಿಗೆ ಗೋಡೆಯಿಂದ ಸಾಕಷ್ಟು ಮುಂದೆ ಚಾಚಿರಬೇಕು, ಇಲ್ಲವಾದರೆ ನೀರು ಗೋಡೆಯ ಬುಡವನ್ನೇ ತಿನ್ನುತ್ತದೆ. ಹತ್ತು ವರ್ಷ ಮಣ್ಣು ಪೇರಿಸುತ್ತಲೇ ಹೋದರೆ ಭಾರ ಹೆಚ್ಚಿ ಜಂತಿ ಬಾಗುತ್ತದೆ. ಆಗ ಹಳೆಯದನ್ನು ಕೆರೆದು ಇಳಿಸಬೇಕು. ಯಾವಾಗ ಹಾಕಬೇಕು, ಯಾವಾಗ ಇಳಿಸಬೇಕು ಎಂದು ಬಲ್ಲವರು ಕಡಿಮೆಯಾದಂತೆಲ್ಲ ಮಾಳಿಗೆ ಮನೆ ಅಪಾಯದ ಮನೆಯಾಯಿತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಅದನ್ನು ಕ್ರೂರವಾಗಿ ತೋರಿಸಿತು. ಉತ್ತರ ಕರ್ನಾಟಕದುದ್ದಕ್ಕೂ ಬಿಡದೆ ಸುರಿದ ಆ ಮಳೆಗೆ ನದಿಯ ಪ್ರವಾಹ ಮುಟ್ಟದ ಊರುಗಳಲ್ಲೂ ಮಣ್ಣಿನ ಗೋಡೆಗಳು ಕುಸಿದು ಜನ ಸತ್ತರು. ಮಲಪ್ರಭೆಯ ದಂಡೆಯ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳು ನೀರಲ್ಲಿ ನಿಂತವು. ಸರ್ಕಾರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಮನೆಗಳನ್ನು ಕಟ್ಟಿಸಿತು. 2019ರ ಆಗಸ್ಟಿನಲ್ಲಿ ಮತ್ತೆ ಪ್ರವಾಹ. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ಮಲಪ್ರಭೆ ಬಂದಳು. ಆಸರೆ ಮನೆಗಳಲ್ಲಿ ಹಲವು ಆ ಹೊತ್ತಿಗೆ ಜನರಿಲ್ಲದೆ ಪಾಳು ಬಿದ್ದಿದ್ದವು: ಕಿತ್ತುಹೋದ ಬಾಗಿಲು, ಬಿರುಕುಬಿಟ್ಟ ಗೋಡೆ, ಮುಳ್ಳುಕಂಟಿ. ಜನ ಅಲ್ಲಿಗೆ ಹೋಗದಿರಲು ಹೊಲದ ದೂರ, ನೀರಿನ ಕೊರತೆ ಹೀಗೆ ಕಾರಣ ಹಲವು. ಆದರೆ ಕಟ್ಟಿಸಿದ ಮೇಲೆ ಆ ಮನೆಗಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಯೋಜನೆಯ ಕಡತದಲ್ಲಿ ಉತ್ತರ ಇರಲಿಲ್ಲ ಎಂಬುದು ಇದರಲ್ಲಿ ದೊಡ್ಡ ಕಾರಣ.

ಇದೇ ನೆಲದಲ್ಲಿ ಆ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಉತ್ತರವಿತ್ತು. ಕನ್ನಡ ನಾಡಿನ ದೇವಾಲಯ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಪಡಿಸಲೆಂದೇ ಇಷ್ಟು ಮತ್ತರು ಭೂಮಿ, ಇಷ್ಟು ಆದಾಯ ಎಂದು ದಾನದಲ್ಲೇ ಎತ್ತಿಡುತ್ತಿದ್ದರು. ದೇವರ ನೈವೇದ್ಯ, ನಂದಾದೀಪದ ಸಾಲಿನಲ್ಲಿಯೇ ದುರಸ್ತಿಗೂ ಜಾಗ. ಬಾದಾಮಿಯ ಮೂರನೇ ಗುಹೆ ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಸಿದ್ಧವಾಯಿತು. ಅಲ್ಲಿನ ಮಂಗಲೇಶನ ಕನ್ನಡ ಶಾಸನ ಆ ‘ಕಲ್ಮನೆ’ಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದನ್ನೂ, ಹೂವು ಕಟ್ಟುವವರ ಪಾಲನ್ನೂ ದಾಖಲಿಸುತ್ತದೆ. ಬಂಡೆಯಲ್ಲೇ ಕೊರೆದ ಗುಡಿಯೂ ತನ್ನಷ್ಟಕ್ಕೆ ಉಳಿಯುವುದಿಲ್ಲ, ದಿನವೂ ಅದರ ಕೆಲಸ ಮಾಡುವವರಿಗೆ ಅನ್ನ ಬೇಕು ಎಂಬುದು ಮಂಗಲೇಶನಿಗೆ ಗೊತ್ತಿತ್ತು. ನಮ್ಮ ಕಾಲದ ಶಾಲೆ, ಅಂಗನವಾಡಿ, ನೀರಿನ ಟ್ಯಾಂಕು, ಪುನರ್ವಸತಿ ಮನೆಗಳ ಉದ್ಘಾಟನೆಯ ಕಲ್ಲಿನಲ್ಲಿ ಕಟ್ಟಿಸಿದ ವೆಚ್ಚ ಇರುತ್ತದೆ. ಕಾಯುವ ವೆಚ್ಚದ ಸಾಲು ಇರುವುದಿಲ್ಲ. ಈ ಕೊರತೆ ತಾಂತ್ರಿಕವಾದುದಲ್ಲ. ಆಡಳಿತದ ಮನಸ್ಸಿನಲ್ಲಿ ದುರಸ್ತಿಗೆ ಸ್ಥಾನ ತಪ್ಪಿಹೋಗಿದೆ.

ಐಹೊಳೆಯ ಲಾಡ್‌ಖಾನ್ ಗುಡಿಯ ಮೇಲೆ ಕಣ್ಣು ಹಾಯಿಸಿದರೆ ಆ ಕಾಲದ ಕುಶಲಿಗರು ಮಳೆಯನ್ನು ಎಷ್ಟು ಬಲ್ಲವರಾಗಿದ್ದರು ಎಂಬುದು ತಿಳಿಯುತ್ತದೆ. ಇಳಿಜಾರಾಗಿ ಹೊದಿಸಿದ ದೊಡ್ಡ ಚಪ್ಪಡಿಗಳು. ಎರಡು ಚಪ್ಪಡಿ ಕೂಡುವ ಪ್ರತಿ ಸಂದಿಯ ಮೇಲೂ ಮರದ ದಿಮ್ಮಿಯಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿ. ನೀರು ಮೊದಲು ಹುಡುಕುವುದು ಸಂದಿಯನ್ನು, ಆ ಸಂದಿಯನ್ನೇ ಅವರು ಮುಚ್ಚಿದರು. ಕಟ್ಟಿಗೆಯ ಮನೆ ಕಟ್ಟಿ ಬಲ್ಲ ಕೈಗಳು ಅದೇ ಜ್ಞಾನವನ್ನು ಕಲ್ಲಿಗೆ ತಂದಿದ್ದವು. ಆ ಗುಡಿಗೆ ಈಗಿನ ಹೆಸರು ಬಂದದ್ದೂ ಒಂದು ಕಾಲಕ್ಕೆ ಅದರಲ್ಲಿ ವಾಸವಿದ್ದ ಮನುಷ್ಯನಿಂದ. ಸೋರದ ಮಾಳಿಗೆ ಇದ್ದುದರಿಂದಲೇ ಗುಡಿ ಮನೆಯೂ ಆಯಿತು.

ಸಿಮೆಂಟು, ಸುಣ್ಣ, ಎರೆ ನೆಲ

ಹಳೆಯ ಕಲ್ಲು-ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾಯಿ ಮಾಡಿದರೆ ತೇವಕ್ಕೆ ಹೊರದಾರಿ ಮುಚ್ಚಿ, ಒಳಗೇ ಮೇಲೇರುತ್ತದೆ. ನೀರಿನೊಂದಿಗೆ ಬಂದ ಉಪ್ಪು ಗಿಲಾಯಿಯ ಹಿಂದೆ ಹರಳುಗಟ್ಟಿ, ಕಲ್ಲಿನ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಇದು ಹೆಚ್ಚು ಬಾಧಿಸುತ್ತದೆ. ಸುಣ್ಣದ ಗಚ್ಚು ಮೆದು, ಉಸಿರಾಡುತ್ತದೆ. ಗೋಡೆ ಅಲುಗಿದರೆ ತಾನು ಬಿರಿದು ಕಲ್ಲನ್ನು ಉಳಿಸುತ್ತದೆ. ಆದರೆ ಸುಣ್ಣ ನೆನೆಹಾಕಿ, ದಿನಗಟ್ಟಲೆ ಕಳಿಸಿ, ಗಾಣದಲ್ಲಿ ಅರೆದು ಹದಕ್ಕೆ ತರುವ ತಾಳ್ಮೆ ಈಗ ಹೆಚ್ಚಾಗಿ ಉಳಿದಿರುವುದು ಸ್ಮಾರಕಗಳ ಸಂರಕ್ಷಣೆಯ ಕೆಲಸದಲ್ಲಿ. ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿಯಿಂದ ಹಿಡಿದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ 2014ರ ರಾಷ್ಟ್ರೀಯ ನೀತಿಯವರೆಗೆ ಒಂದು ಮಾತು ಸ್ಥಿರವಾಗಿದೆ: ಇದ್ದದ್ದನ್ನು ಉಳಿಸು, ಆದಷ್ಟು ಕಡಿಮೆ ಕೈಹಾಕು. ಇಲಾಖೆಯ ಕೆಲಸಗಾರರ ದಿನಚರಿಯಲ್ಲಿ ಶಿಖರದ ಸಂದಿಯಲ್ಲಿ ಮೊಳೆತ ಅರಳಿ ಸಸಿಯನ್ನು ಬೇರಿಳಿಯುವ ಮೊದಲೇ ತೆಗೆಯುವುದೂ ಒಂದು. ಅದು ಯಾವ ಪ್ರವಾಸಿಯ ಫೋಟೋದಲ್ಲೂ ಕಾಣುವುದಿಲ್ಲ. ಅದನ್ನು ಮಾಡದಿದ್ದರೆ ಕೆಲವೇ ವರ್ಷಗಳಲ್ಲಿ ಫೋಟೋಕ್ಕೆ ಶಿಖರವೇ ಇರುವುದಿಲ್ಲ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗೌಂಡಿಗಳಿಗೆ ಕರಣಿ, ಓಳಂಬಿ, ರಸಮಟ್ಟಗಳ ಜೊತೆ ಕಾಗದಪತ್ರದ ಜ್ಞಾನವೂ ಬೇಕು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷಿದ್ಧ ವಲಯದಲ್ಲಿ ಹಳೆ ಮನೆಯ ದುರಸ್ತಿಗೂ ಅನುಮತಿ ಪಡೆಯಬೇಕು. ಮಳೆಗಾಲ ತಲೆಯ ಮೇಲೆ ಬಂದಾಗ ಅನುಮತಿಗೆ ಕಾಯುವುದು ಬಡವರಿಗೆ ಕಷ್ಟ. ಸ್ಮಾರಕ ಉಳಿಯಬೇಕು, ಅದರ ಬಗಲಲ್ಲಿ ತಲೆಮಾರುಗಳಿಂದ ಬಾಳಿದವರ ಮಾಳಿಗೆಯೂ ಉಳಿಯಬೇಕು. ಹಳೆಯ ರೀತಿಯಲ್ಲೇ ಮಣ್ಣು, ಸುಣ್ಣ ಬಳಸಿ ಮಾಡುವ ಸಣ್ಣ ದುರಸ್ತಿಗಳಿಗೆ ಬೇಗ ಒಪ್ಪಿಗೆ ಸಿಗುವ ಹಾದಿ ಬೇಕೇ ಬೇಕು.

ಹುನಗುಂದದ ಕಡೆ ಸಮಸ್ಯೆ ಕೆಳಗಿನಿಂದ ಬರುತ್ತದೆ. ಜೋಳಕ್ಕೆ, ಕಡಲೆಗೆ ತಾಯಿಯಾದ ಎರೆ ಮಣ್ಣು ಮನೆಗೆ ಕಷ್ಟದ ನೆಲ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಮನೆಯ ಒಂದು ಮೂಲೆ ಏರಿ ಇನ್ನೊಂದು ಇಳಿದಾಗ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ತಿಳಿದ ಗೌಂಡಿ ಅದಕ್ಕೆ ಸಿಮೆಂಟು ಮೆತ್ತಿ ದುಡ್ಡು ಕೇಳುವುದಿಲ್ಲ. ಬಿರುಕಿಗೆ ಅಡ್ಡಲಾಗಿ ಗಾಜಿನ ತುಂಡೊಂದನ್ನು ಅಂಟಿಸಿ ಹೋಗುತ್ತಾನೆ. ಗಾಜು ಒಡೆದರೆ ಮನೆ ಇನ್ನೂ ಅಲುಗುತ್ತಿದೆ ಎಂದರ್ಥ. ಆಗ ನೋಡಬೇಕಾದದ್ದು ಗೋಡೆಯನ್ನಲ್ಲ, ಬಚ್ಚಲ ನೀರು ಎಲ್ಲಿ ಇಂಗುತ್ತಿದೆ, ತಳಪಾಯದ ಪಕ್ಕ ಯಾವ ಗಿಡ ನೀರು ಹೀರುತ್ತಿದೆ ಎಂಬುದನ್ನು. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಂಟೆಯಂತೆ ಅಗಲವಾಗುವ ಕಂಬದ ತಳಪಾಯವನ್ನು ರೂಪಿಸಿದೆ. ಹೊಸ ಮನೆಗೆ ಅದು ಸರಿ. ಈಗಾಗಲೇ ನಿಂತ ಸಾವಿರಾರು ಮನೆಗಳಿಗೆ ಮನೆಯ ಸುತ್ತ ನೀರು ನಿಲ್ಲದಂತೆ ಹಾಸುಗಲ್ಲು ಹಾಕಿ, ಮೋರಿ ತಿದ್ದುವ ಕೈಗಳೇ ಆಧಾರ.

ಆರ್‌ಸಿಸಿ ಮನೆಗೆ ಆರೈಕೆ ಬೇಡ ಎಂಬುದೊಂದು ತಪ್ಪು ನಂಬಿಕೆ. ಸಲಾಕೆಯ ಸುತ್ತ ಸಾಮಾನ್ಯವಾಗಿ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ತರಾತುರಿಯಲ್ಲಿ ಹಾಕಿದ ಛತ್ತಿನಲ್ಲಿ ಸಲಾಕೆ ಕೆಳಮೈಗೆ ಅಂಟಿಕೊಂಡಿರುತ್ತದೆ. ಬಿಸಿಲಿಗೆ ಹೆದರಿ, ನೀರಿನ ಅಭಾವಕ್ಕೆ ಹೆದರಿ ಕ್ಯೂರಿಂಗ್ ಅರ್ಧಕ್ಕೆ ನಿಲ್ಲುತ್ತದೆ. ತೇವ ತಾಗಿದ ಸಲಾಕೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ. ಛತ್ತಿನ ಚಕ್ಕೆ ಕೆಳಗೆ ಬೀಳುತ್ತದೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಸೋರಿಕೆ ಎಂದರೆ ನೇರವಾಗಿ ಕೂಲಿಯ ನಷ್ಟ. ಕುಣಿಮಗ್ಗ ನೆಲದೊಳಗಿನ ಗುಂಡಿಯಲ್ಲಿ ಕೂತು ನೇಯುವಂಥದ್ದು. ಮೇಲಿನಿಂದ ತೊಟ್ಟಿಕ್ಕಿದರೆ ಹಾಸು ಕೆಟ್ಟಿತು, ಕೆಳಗಿನಿಂದ ನೀರು ಜಿನುಗಿದರೆ ಗುಂಡಿಯಲ್ಲಿ ಕಾಲಿಡುವಂತಿಲ್ಲ. ಹೀಗಾಗಿ ಛತ್ತಿನ ಇಳಿಜಾರು, ಪೈಪಿನ ಬಾಯಿ ಇವೆಲ್ಲ ಅಲ್ಲಿ ಮಗ್ಗದ ಬಿಡಿಭಾಗಗಳಷ್ಟೇ ಮುಖ್ಯ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಗಳ ಕಟ್ಟಡಗಳ ನೆಲವಾಗಿದೆ. ಊರಿನ ಮನೆಗಳ ನಲ್ಲಿಯ ಬಾಯಿ ಮಾತ್ರ ಕೊಳವೆಬಾವಿಯ ಗಡಸು ನೀರಿಗೆ ಬಿಳಿ ಪದರ ಕಟ್ಟಿಕೊಂಡು, ಪ್ಲಂಬರನನ್ನು ಮತ್ತೆ ಮತ್ತೆ ಕರೆಯುತ್ತದೆ.

ಬಾಗಲಕೋಟೆಯ ಕತೆಯಂತೂ ನೀರಿನದೇ. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದ್ದು 1964ರಲ್ಲಿ. ಹಿನ್ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ ಹಳೆ ಊರಿನ ದೊಡ್ಡ ಭಾಗ ಮುಳುಗಿತು. 1983ರ ಕಾಯ್ದೆಯಂತೆ ರಚನೆಯಾದ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಸೆಕ್ಟರುಗಳ ನವನಗರವನ್ನು ಕಟ್ಟಿತು. ಮುಳುಗಡೆಯ ಮನೆಗಳನ್ನು ಬಿಚ್ಚಿದಾಗ ಹಳೆಯ ತೊಲೆ, ಕಂಬ, ಕೆತ್ತನೆಯ ತಲಬಾಗಿಲುಗಳು ಕೈಬದಲಾದವು. ಹಳೆ ಬಾಗಿಲಿಗೆ ಹೊಸ ಗೋಡೆ ಹೊಂದಿಸುವುದು ಬಡಿಗ, ಗೌಂಡಿ, ಕೀಲಿಯವರು ಮೂವರೂ ಸೇರಿ ಮಾಡುವ ಕೆಲಸ. ಅಣೆಕಟ್ಟೆಯನ್ನು 524.256 ಮೀಟರಿಗೆ ಎತ್ತರಿಸಲು ಕೃಷ್ಣಾ ಜಲವಿವಾದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಂದಿನಿಂದ ಅಂಚಿನ ಊರುಗಳಲ್ಲಿ ಒಂದು ವಿಚಿತ್ರ ಸ್ಥಿತಿ ಇದೆ: ಇಂದಲ್ಲ ನಾಳೆ ಮುಳುಗುವ ಮನೆಗೆ ದುಡ್ಡು ಯಾಕೆ ಹಾಕಬೇಕು ಎಂದು ಜನ ದುರಸ್ತಿ ಮುಂದೂಡುತ್ತಾರೆ. ನೀರು ಬರುವ ಮೊದಲೇ ಮನೆ ಕುಸಿಯತೊಡಗುತ್ತದೆ.

ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಇದಕ್ಕೆ ವಿರುದ್ಧವಾದ ಹಟ ಕಾಣುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಅದರ ಸುತ್ತ ಬಾವಿಯಂಥ ದೊಡ್ಡ ಗೋಡೆ ಎಬ್ಬಿಸಿದರು. ಭಕ್ತರು ನದಿಯ ಮೇಲಿನ ಸೇತುವೆಯಲ್ಲಿ ನಡೆದು, ಮೆಟ್ಟಿಲಿಳಿದು ಹೋಗುತ್ತಾರೆ. ಸುತ್ತ ನದಿ, ನಡುವೆ ಒಣ ನೆಲ. ಅಂಥ ಕಟ್ಟಡ ಒಮ್ಮೆ ಕಟ್ಟಿ ಮುಗಿಯುವಂಥದಲ್ಲ, ವರ್ಷವರ್ಷವೂ ಯಾರಾದರೂ ಅದರ ಗೋಡೆಯನ್ನು, ಜಿನುಗುವ ನೀರನ್ನು ನೋಡುತ್ತಲೇ ಇರಬೇಕು.

ದುರಸ್ತಿ ಮಾಡುವ ಈ ಕೈಗಳಿಗೆ ಸರ್ಕಾರದ ಪಟ್ಟಿಗಳಲ್ಲಿ ಇರುವ ಸ್ಥಾನ ಅರೆಬರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ ತಯಾರಕರು, ಬಡಗಿಗಳು, ಕಮ್ಮಾರರು, ಗಾರೆ ಕೆಲಸದವರು, ಕಲ್ಲು ಕೆಲಸದವರು ಇದ್ದಾರೆ. ತರಬೇತಿಯ ದಿನಗಳಿಗೆ ತಲಾ 500 ರೂಪಾಯಿ ಭತ್ಯೆ, 15,000 ರೂಪಾಯಿ ಮೌಲ್ಯದ ಸಲಕರಣೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲ. ಬೀಗದ ಕೆಲಸವನ್ನು ಹೆಸರು ಹಿಡಿದು ಕರೆದ ಸರ್ಕಾರಿ ಯೋಜನೆ ಅಪರೂಪ, ಅದು ಸಂತೋಷದ ಸಂಗತಿ. ಪ್ಲಂಬರ್, ಎಲೆಕ್ಟ್ರಿಷಿಯನ್ನರು ಆ ಪಟ್ಟಿಯಲ್ಲಿಲ್ಲ. ಅವರಿಗೆ ಐಟಿಐ ಇದೆ: ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ಪ್ಲಂಬರ್ ಒಂದು ವರ್ಷ. ಆದರೆ ಅಲ್ಲಿ ಕಲಿಸುವುದು ಹೆಚ್ಚಾಗಿ ಹೊಸ ಜೋಡಣೆ. ಮೂವತ್ತು ವರ್ಷದ ಮನೆಯಲ್ಲಿ ಯಾವ ವೈರು ಎಲ್ಲಿಗೆ ಹೋಗಿದೆ ಎಂದು ಗೋಡೆ ಒಡೆಯದೆ ಪತ್ತೆ ಮಾಡುವುದನ್ನು ಹುಡುಗರು ಕಲಿಯುವುದು ಉಸ್ತಾದರ ಹಿಂದೆ ಚೀಲ ಹೊತ್ತು ತಿರುಗಿ.

ಕಟ್ಟಡ ಕಾರ್ಮಿಕರ 1996ರ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ನಿರ್ಮಾಣದ ಜೊತೆಗೆ ದುರಸ್ತಿ ಮತ್ತು ನಿರ್ವಹಣೆಯನ್ನೂ ಸ್ಪಷ್ಟವಾಗಿ ಸೇರಿಸಿತ್ತು. ಕಲ್ಯಾಣ ಮಂಡಳಿಯ ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ದೊಡ್ಡ ಕಟ್ಟಡದಲ್ಲಿ ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ದುಡಿದವನಿಗೆ ಒಂದು ಸಹಿ ಸಾಕು. ದುರಸ್ತಿಯವನು ಬೆಳಿಗ್ಗೆ ನವನಗರದಲ್ಲಿ ನಲ್ಲಿ, ಮಧ್ಯಾಹ್ನ ಹಳೆ ಬಾಗಲಕೋಟೆಯಲ್ಲಿ ಬಾಗಿಲು, ಮರುದಿನ ಗುಳೇದಗುಡ್ಡದಲ್ಲಿ ಛತ್ತು. ತೊಂಬತ್ತು ದಿನಕ್ಕೆ ತೊಂಬತ್ತು ಮನೆ. ಅಷ್ಟು ಮನೆಯ ಯಜಮಾನರಿಂದ ಸಹಿ ತರುವುದು ಆಗದ ಮಾತು. ಹೀಗಾಗಿ ಕಾನೂನಿನಲ್ಲಿ ಹೆಸರಿದ್ದೂ ಕಾರ್ಡಿನಲ್ಲಿ ಹೆಸರಿಲ್ಲದವರು ಅನೇಕ. ಇದಕ್ಕೆ ದಾರಿ ಕಷ್ಟದ್ದಲ್ಲ. ತಾರೀಕು, ಮನೆ, ಕೆಲಸ, ಯಜಮಾನರ ಸಹಿ ಅಥವಾ ಫೋನ್ ನಂಬರ್ ಇರುವ ಒಂದು ದಿನಚರಿ ಪುಸ್ತಕವನ್ನು ಕಲ್ಯಾಣ ಮಂಡಳಿಯೇ ಕೊಟ್ಟು, ಅದನ್ನೇ ಪುರಾವೆಯಾಗಿ ಒಪ್ಪಿದರೆ ಆಯಿತು. ಗ್ರಾಮ ಪಂಚಾಯಿತಿ, ಪುರಸಭೆಗಳೂ ತಮ್ಮ ಶಾಲೆ, ಅಂಗನವಾಡಿ, ಟ್ಯಾಂಕುಗಳ ಮಳೆಗಾಲದ ಮುಂಚಿನ ತಪಾಸಣೆಗೆ ಇದೇ ಪುಸ್ತಕ ಹಿಡಿದವರನ್ನು ಕರೆಯಬಹುದು. ಮೇ ತಿಂಗಳಲ್ಲಿ ಮಾಳಿಗೆ ಹತ್ತಿ ನೋಡಿದರೆ ಒಂದು ದಿನದ ಕೂಲಿಯಲ್ಲಿ ಮುಗಿಯುವ ಕೆಲಸಕ್ಕೆ ಆಗಸ್ಟಿನಲ್ಲಿ ಟೆಂಡರ್ ಕರೆಯಬೇಕಾಗುತ್ತದೆ.